‘ಸ್ವಲ್ಪ’ಕ್ಕೆ ಇಂಗ್ಲಿಷಿನಲ್ಲಿ ಯಾವ ಪದ? ಸ್ಲೈಟ್ಲಿ, ಎ ಲಿಟಲ್, ಎ ಬಿಟ್, ಸಮ್‌ವಾಟ್: ಆರಿಸುವುದು ಹೇಗೆ

ಕಳೆದ ತಿಂಗಳು ಇಳಕಲ್ಲಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಸೀರೆಯ ಫೋಟೊ ಕಳಿಸಿದ. ಮನೆಯಲ್ಲಿ ಮಗ್ಗ ಇದೆ. ಅಪ್ಪ ನೇಯುತ್ತಾರೆ, ಇವನು ಆನ್‌ಲೈನ್‌ನಲ್ಲಿ ಮಾರುತ್ತಾನೆ. ಕಡುಹಸಿರು ಒಡಲು, ಕೆಂಪು ಸೆರಗು, ಸೆರಗಿನ ಮೇಲೆ ಬಿಳಿ ತೆನಿ. ಫೋಟೊದ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ‘ಸ್ಲೈಟ್ಲಿ ಕಲರ್ ಡಿಫರೆನ್ಸ್ ವಿಲ್ ಬಿ ದೇರ್.’ ಅದರ ಹಿಂದೆಯೇ ನನಗೊಂದು ಪ್ರಶ್ನೆ. “ಮೇಡಂ, ಇದು ಬರೋಬ್ಬರಿ ಐತೇನ್ರಿ? ಇಲ್ಲಾಂದ್ರ ‘ಎ ಬಿಟ್’ ಅಂತ ಹಾಕ್ಲೇನ್ರಿ?”

ಬೆಳಗಾವಿಯಲ್ಲಿ ಸಂಜೆ ಹೊತ್ತು ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಉದ್ಯಮಬಾಗದ ವರ್ಕ್‌ಶಾಪ್‌ಗಳಿಂದ ಕೈ ತೊಳೆದುಕೊಂಡು ನೇರವಾಗಿ ಬರುವ ಹುಡುಗರಿದ್ದಾರೆ. ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟ ಹುಡುಗಿಯರಿದ್ದಾರೆ. ಖಡೇಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರಿದ್ದಾರೆ. ದೊಡ್ಡ ದೊಡ್ಡ ಪದಗಳ ಬಗ್ಗೆ ಇವರು ಅಷ್ಟಾಗಿ ಕೇಳುವುದಿಲ್ಲ. ಮತ್ತೆ ಮತ್ತೆ ಕೇಳುವುದು ಈ ಸಣ್ಣ ಪದಗಳನ್ನೇ. ಸ್ಲೈಟ್ಲಿ ಹಾಕಲೋ, ಎ ಲಿಟಲ್ ಹಾಕಲೋ, ಎ ಬಿಟ್ ಹಾಕಲೋ? ನಿಘಂಟು ತೆಗೆದರೆ ಎಲ್ಲದಕ್ಕೂ ‘ಸ್ವಲ್ಪ’ ಅಂತಲೇ ಅರ್ಥ. ಹಾಗಾದರೆ ಯಾವುದಾದರೂ ನಡೆಯುತ್ತೆ ಅಲ್ವಾ?

ನಡೆಯುವುದಿಲ್ಲ. ಇಲ್ಲಿ ತೊಡಕು ಇರುವುದು ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ‘ಸ್ವಲ್ಪ’ದಲ್ಲಿ. ಈ ಒಂದು ಪದದ ಮೇಲೆ ನಾವು ಎಷ್ಟು ಕೆಲಸ ಹೊರಿಸಿದ್ದೇವೆ ಅನ್ನುವುದನ್ನು ನಾವೇ ಗಮನಿಸಿಲ್ಲ.

ಮೊದಲು ನಮ್ಮ ಮಾತನ್ನೇ ಕೇಳಿಸಿಕೊಳ್ಳೋಣ

“ಸಾರಿಗೆ ಸ್ವಲ್ಪ ಉಪ್ಪು ಹಾಕು.” ಇಲ್ಲಿ ಸ್ವಲ್ಪ ಅಂದರೆ ಅಳತೆ, ಒಂದು ವಸ್ತುವಿನ ಪ್ರಮಾಣ. “ಚಹಾ ಸ್ವಲ್ಪ ಸಪ್ಪಗಾಗಿದೆ.” ಇಲ್ಲಿ ಸಪ್ಪೆತನ ಎಷ್ಟು ಅನ್ನುವುದರ ಮಾತು. “ಸಭೆಗೆ ಸ್ವಲ್ಪ ಜನ ಬಂದಿದ್ದರು.” ಇದು ಎಣಿಕೆ. “ಸ್ವಲ್ಪ ತಡಿ.” ಇದು ಹೊತ್ತು. “ಸ್ವಲ್ಪ ಈ ಕಡೆ ಬನ್ನಿ.” ಇದರಲ್ಲಿ ಅಳತೆಯೇ ಇಲ್ಲ. ಬರಬೇಕಾದ್ದು ಪೂರ್ತಿ ಮನುಷ್ಯ, ಅರ್ಧ ಕಾಲು ಅಲ್ಲ. ಇಲ್ಲಿ ‘ಸ್ವಲ್ಪ’ ಬರೀ ಮರ್ಯಾದೆಗೆ ಬಂದಿದೆ. ಮಾತಿನ ಬಿರುಸು ಕಡಿಮೆ ಆಗಲಿ ಅಂತ.

ನಮ್ಮ ಕಡೆ ಈ ಕೆಲಸಗಳನ್ನು ಬೇರೆ ಬೇರೆ ಪದಗಳಿಗೆ ಹಂಚಿಕೊಟ್ಟದ್ದೂ ಉಂಟು. “ತುಸು ಬೆಲ್ಲ ಹಾಕ್ರಿ” ಅಂತೇವೆ. ಮರಾಠಿ ಒಡನಾಟದಿಂದ ಬಂದ “ಥೋಡೆ” ಇದೆ. ಆದರೆ ಬಸ್ಸಿನಲ್ಲಿ ಸೀಟು ಬೇಕಾದಾಗ “ಜರಾ ಸರೀರಿ” ಅಂತಲೇ ಬಾಯಿಗೆ ಬರುತ್ತದೆ. ಆ ‘ಜರಾ’ ಅಳತೆಗಿಂತ ಜಾಸ್ತಿ ವಿನಯದ ಪದ. ಈ ಕಿವಿ ನಮಗೆ ಹುಟ್ಟಿನಿಂದಲೇ ಇದೆ. ಇಂಗ್ಲಿಷಿಗೆ ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ, ಅಷ್ಟೇ.

ಹಾಗಾಗಿ ಪದ ಆರಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ ಅಂತ ನಾನು ಹೇಳುತ್ತೇನೆ. ಈ ‘ಸ್ವಲ್ಪ’ದ ಮುಂದೆ ಬರುವುದು ವಸ್ತುವಿನ ಹೆಸರೋ, ಗುಣವೋ, ಕ್ರಿಯೆಯೋ? ನಾನು ಒಂದು ಸಂಗತಿ ಹೇಳುತ್ತಿದ್ದೇನೋ, ಯಾರನ್ನಾದರೂ ಕೇಳಿಕೊಳ್ಳುತ್ತಿದ್ದೇನೋ? ಓದುವವರು ಯಾರು, ಆಫೀಸಿನವರೋ ಗೆಳೆಯರೋ? ನಾನು ಹೇಳುತ್ತಿರುವ ಗುಣ ಒಳ್ಳೆಯದೋ, ಕೊರತೆಯೋ? ಮೊದಲನೆಯ ಪ್ರಶ್ನೆಗೇ ಅರ್ಧ ತಪ್ಪುಗಳು ಉದುರಿಹೋಗುತ್ತವೆ. ಕೊನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಮನಸ್ಸು ನೋಯುವುದು ಅಲ್ಲೇ.

ಸ್ಲೈಟ್ಲಿ

ಕನ್ನಡದಲ್ಲೇ ನಾವು ಈ ಪದವನ್ನು ಎಷ್ಟು ಒಳಗೆ ಬಿಟ್ಟುಕೊಂಡಿದ್ದೇವೆ ನೋಡಿ. “ಸ್ಲೈಟಾಗಿ ಜ್ವರ ಬಂದಾವ್ರಿ” ಅಂತ ಡಾಕ್ಟರ ಮುಂದೆ ಹೇಳುತ್ತೇವೆ. ಕನ್ನಡದಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಆದರೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಐ ಹ್ಯಾವ್ ಸ್ಲೈಟ್ಲಿ ಫೀವರ್’ ಅಂದರೆ ತಪ್ಪು. ‘ಫೀವರ್’ ವಸ್ತುವಿನ ಹೆಸರಿನಂಥ ಪದ. ಅದರ ಮುಂದೆ ‘ಸ್ಲೈಟ್ಲಿ’ ಕೂರುವುದಿಲ್ಲ. ಬಾಲದ ‘ಲಿ’ ಬಿಟ್ಟು ‘ಎ ಸ್ಲೈಟ್ ಫೀವರ್’ ಅನ್ನಬೇಕು. ಇಲ್ಲವೇ ಗುಣದ ಪದ ತಂದು ‘ಐ ಫೀಲ್ ಸ್ಲೈಟ್ಲಿ ಫೀವರಿಶ್’ ಅನ್ನಬೇಕು. ಹೆಸರಿನ ಮುಂದೆ ಸ್ಲೈಟ್, ಗುಣದ ಮುಂದೆ ಸ್ಲೈಟ್ಲಿ. ತಲೆನೋವಿಗೆ, ತಡವಾಗುವುದಕ್ಕೆ, ವ್ಯತ್ಯಾಸಕ್ಕೆ ಎಲ್ಲಕ್ಕೂ ಇದೇ ಲೆಕ್ಕ: ಎ ಸ್ಲೈಟ್ ಹೆಡೇಕ್, ಎ ಸ್ಲೈಟ್ ಡಿಲೇ, ಎ ಸ್ಲೈಟ್ ಡಿಫರೆನ್ಸ್. ಇಳಕಲ್ಲಿನ ಹುಡುಗನ ಸಾಲು ಎಡವಿದ್ದು ಇಲ್ಲೇ.

ಈ ಪದದ ಹುಟ್ಟು ಕುತೂಹಲದ್ದು. ‘ಸ್ಲೈಟ್’ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ ಅದಕ್ಕೆ ನುಣುಪು, ಸಮತಟ್ಟು ಅಂತ ಅರ್ಥ. ಆಮೇಲೆ ತೆಳ್ಳಗಿನದು, ಆಮೇಲೆ ಲೆಕ್ಕಕ್ಕೆ ಬಾರದಷ್ಟು ಸಣ್ಣದು ಅನ್ನುವ ಅರ್ಥ ಬಂತು. ಆ ನುಣುಪು ಇವತ್ತಿಗೂ ಅದರಲ್ಲಿ ಉಳಿದಿದೆ ಅಂತ ನನಗೆ ಅನಿಸುತ್ತದೆ. ಸ್ಲೈಟ್ಲಿ ತಣ್ಣಗಿನ ಪದ. ಅಳೆಯುತ್ತದೆ, ಹೇಳುತ್ತದೆ, ಸುಮ್ಮನಾಗುತ್ತದೆ. ಬೇಜಾರು, ಪ್ರೀತಿ, ಗೋಗರೆತ ಯಾವುದೂ ಅದರಲ್ಲಿಲ್ಲ. ವರದಿಗೆ ಇದು ವರ, ಮಾತುಕತೆಗೆ ಕೊರತೆ.

ಆ ಕೊರತೆ ನನಗೆ ಒಮ್ಮೆ ಚೆನ್ನಾಗಿ ಗೊತ್ತಾಯಿತು. ಹೊರದೇಶದಲ್ಲಿರುವ ಗೆಳತಿಗೆ ಆಪರೇಷನ್ ಆಗಿತ್ತು. ‘ಆರ್ ಯು ಸ್ಲೈಟ್ಲಿ ಬೆಟರ್ ನೌ?’ ಅಂತ ಮೆಸೇಜ್ ಹಾಕಿದೆ. ವ್ಯಾಕರಣದಲ್ಲಿ ಒಂದು ಚೂರೂ ತಪ್ಪಿಲ್ಲ. ಅವಳು ಬರೆದಳು: “ನೀನೂ ಇಲ್ಲಿನ ಡಾಕ್ಟರ ಹಾಗೇ ಕೇಳ್ತೀಯಲ್ಲೇ.” ನನಗೆ ತುಂಬಾ ಕಸಿವಿಸಿ ಆಯಿತು. ‘ಆರ್ ಯು ಫೀಲಿಂಗ್ ಎ ಲಿಟಲ್ ಬೆಟರ್?’ ಅಂದಿದ್ದರೆ ಸಾಕಿತ್ತು. ಅದರಲ್ಲಿ ಹತ್ತಿರ ಕೂತು ಕೇಳಿದ ದನಿ ಇರುತ್ತಿತ್ತು.

ಸ್ಲೈಟ್ಲಿಗೆ ಯಾವ ಗುಣಗಳು ಒಗ್ಗುತ್ತವೆ ಅನ್ನುವುದರಲ್ಲಿ ಒಂದು ಚೆಂದದ ನಿಯಮ ಇದೆ. ಕ್ಲಾಸಿನಲ್ಲಿ ನಾನು ಎರಡು ಸ್ಟೀಲಿನ ಸ್ಕೇಲು ತೋರಿಸುತ್ತೇನೆ. ಒಂದು ನೇರ, ಇನ್ನೊಂದು ಬಾಗಿದ್ದು. ಬಾಗಿದ ಸ್ಕೇಲಿಗೆ ‘ಸ್ಲೈಟ್ಲಿ ಬೆಂಟ್’ ಅನ್ನಬಹುದು. ನೇರವಾದದ್ದಕ್ಕೆ ‘ಸ್ಲೈಟ್ಲಿ ಸ್ಟ್ರೇಟ್’ ಅನ್ನಲಾಗದು. ಏಕೆ? ಬಾಗುವುದು ಸೊನ್ನೆಯಿಂದ ಶುರುವಾಗುತ್ತದೆ. ಕೂದಲೆಳೆಯಷ್ಟು ಬಾಗಿದರೂ ಬಾಗಿದ ಹಾಗೆಯೇ. ನೇರ ಅನ್ನುವುದು ತುದಿ. ಅಲ್ಲಿ ಸ್ವಲ್ಪ ಅನ್ನುವುದಕ್ಕೆ ಜಾಗ ಇಲ್ಲ. ಹಾಗೆಯೇ ಸ್ಲೈಟ್ಲಿ ವೆಟ್, ಸ್ಲೈಟ್ಲಿ ಡರ್ಟಿ, ಸ್ಲೈಟ್ಲಿ ಓಪನ್, ಸ್ಲೈಟ್ಲಿ ಡ್ಯಾಮೇಜ್ಡ್ ಎಲ್ಲ ಸಲೀಸು. ಒಂದು ಹನಿ ಬಿದ್ದರೂ ಒದ್ದೆ, ಒಂದು ಕಲೆ ಇದ್ದರೂ ಕೊಳಕು. ‘ಸ್ಲೈಟ್ಲಿ ಕ್ಲೀನ್’, ‘ಸ್ಲೈಟ್ಲಿ ಪರ್ಫೆಕ್ಟ್’ ಕಿವಿಗೆ ಕಲ್ಲು.

ಇನ್ನೊಂದು ಬಗೆಯ ಗುಣಗಳಿವೆ: ಎತ್ತರ, ದುಬಾರಿ, ಉದ್ದ. ಇವಕ್ಕೆ ಸೊನ್ನೆಯೂ ಇಲ್ಲ, ತುದಿಯೂ ಇಲ್ಲ. ‘ಹಿ ಈಸ್ ಸ್ಲೈಟ್ಲಿ ಟಾಲ್’ ಅಂದರೆ ಕೇಳುವವರು “ಯಾವುದಕ್ಕೆ?” ಅಂತ ಕಾಯುತ್ತಾರೆ. ಬೇಕಾದ್ದಕ್ಕಿಂತ ಎತ್ತರವಾದ ಅನ್ನುವ ಅರ್ಥ ಹೊಳೆಯುತ್ತದೆ. ಹೋಲಿಕೆ ಇಟ್ಟರೆ ಮಾತು ಸರಿಹೋಗುತ್ತದೆ: ‘ಸ್ಲೈಟ್ಲಿ ಟಾಲರ್ ದ್ಯಾನ್ ಹಿಸ್ ಬ್ರದರ್.’ ಹೋಲಿಕೆಯಲ್ಲಿ ಸ್ಲೈಟ್ಲಿಯಷ್ಟು ನಂಬಿಗಸ್ತ ಪದ ಇನ್ನೊಂದಿಲ್ಲ.

ಇನ್ನು ಒಳ್ಳೆಯ ಗುಣಗಳು. ಇಲ್ಲಿ ಹುಷಾರಾಗಿರಿ. ಬೆಳಗಾವಿಗೆ ಬಂದ ಅತಿಥಿಗೆ ಕುಂದಾ ಕೊಟ್ಟಿರಿ. ಅವರು ‘ಇಟ್ ಈಸ್ ಸ್ಲೈಟ್ಲಿ ಟೇಸ್ಟಿ’ ಅಂದರೆ ಕೊಟ್ಟವರ ಮುಖ ಬಾಡುತ್ತದೆ. ಅದೇ ಕುಂದಾಕ್ಕೆ ‘ಸ್ಲೈಟ್ಲಿ ಗ್ರೇನಿ’ ಅಂದರೆ ಅದು ನೆಟ್ಟಗಿನ ವರ್ಣನೆ. ಹಾಲು ಬತ್ತಿಸಿ ಮಾಡಿದ ಕುಂದಾಕ್ಕೆ ಆ ತರಿತರಿಯೇ ಸೊಗಸು. ಹೊಗಳಬೇಕಾದ ಕಡೆ ಅಳೆಯುವ ಪದ ಬೇಡ. ಚೆಲುವಿಗೆ, ರುಚಿಗೆ, ಜಾಣತನಕ್ಕೆ ಸ್ಲೈಟ್ಲಿ ಹಚ್ಚಿದರೆ ಅದು ಅವಮಾನದ ಹತ್ತಿರ ಹೋಗುತ್ತದೆ.

ಕ್ರಿಯೆಯ ಜೊತೆ ಬಂದಾಗ ಜಾಗ ನೋಡಿಕೊಳ್ಳಿ. ‘ಪ್ರೈಸಸ್ ರೋಸ್ ಸ್ಲೈಟ್ಲಿ’ ಅನ್ನುವಾಗ ಹಿಂದೆ ಬರುತ್ತದೆ. ‘ಹಿ ವಾಸ್ ಸ್ಲೈಟ್ಲಿ ಇಂಜುರ್ಡ್’ ಅನ್ನುವಾಗ ಮುಂದೆ ಬರುತ್ತದೆ. ‘ಐ ಸ್ಲೈಟ್ಲಿ ನೋ ಹಿಮ್’ ಅಂತ ಎಷ್ಟೋ ಜನ ಹೇಳುತ್ತಾರೆ. ‘ಐ ನೋ ಹಿಮ್ ಸ್ಲೈಟ್ಲಿ’ ಅನ್ನಿ.

ಕೇಳಿಕೊಳ್ಳುವಾಗ ಮಾತ್ರ ಸ್ಲೈಟ್ಲಿ ಬೇಡವೇ ಬೇಡ. ‘ಪ್ಲೀಸ್ ಸ್ಲೈಟ್ಲಿ ಕಮ್ ಹಿಯರ್’ ಅನ್ನುವುದು ನಮ್ಮ ‘ಜರಾ ಬರ್ರಿ’ಯ ನೇರ ಅನುವಾದ. ಸ್ಲೈಟ್ಲಿಗೆ ವಿನಯದ ಕೆಲಸ ಬರುವುದಿಲ್ಲ. ‘ಕುಡ್ ಯು ಕಮ್ ಹಿಯರ್ ಫಾರ್ ಎ ಮಿನಿಟ್?’ ಅನ್ನಿ. ಇಂಗ್ಲಿಷಿನಲ್ಲಿ ‘ಜರಾ’ ಅಡಗಿರುವುದು ‘ಕುಡ್’ ಅನ್ನುವುದರಲ್ಲಿ. ಸೀಟಿನಲ್ಲಿ ನಿಜವಾಗಿ ಒಂದಿಂಚು ಸರಿಯಬೇಕಾದರೆ ‘ಕುಡ್ ಯು ಮೂವ್ ಎ ಲಿಟಲ್?’ ಸಾಕು.

ಎಷ್ಟಾದರೆ ಸ್ಲೈಟ್ಲಿ?

ಇದಕ್ಕೆ ಊರಿನ ಉದಾಹರಣೆಗಳೇ ಸಾಕು. ವಿಜಯಪುರದ ಗೋಳಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ರೋಮಿನ ಸೇಂಟ್ ಪೀಟರ್ ಚರ್ಚಿನ ಗುಮ್ಮಟ ಒಳಗಡೆ ಸುಮಾರು 42 ಮೀಟರ್. ಗೈಡ್ ಆಗಬೇಕು ಅಂತಿರುವವರು ‘ಸ್ಲೈಟ್ಲಿ ಸ್ಮಾಲರ್’ ಅಂದರೆ ಯಾರೂ ಆಕ್ಷೇಪಿಸುವುದಿಲ್ಲ. ಅಷ್ಟು ದೊಡ್ಡ ಗುಮ್ಮಟದಲ್ಲಿ ನಾಲ್ಕು ಮೀಟರ್ ಸಣ್ಣದು. ಅದೇ ಉದ್ಯಮಬಾಗದಲ್ಲಿ ಬೋರ್, ಅಂದರೆ ಯಂತ್ರದ ಭಾಗಕ್ಕೆ ಕೊರೆದ ತೂತು, ಅಳೆಯುವ ಹುಡುಗನಿಗೆ ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಜಾಸ್ತಿಯಾದರೂ ‘ಸ್ಲೈಟ್ಲಿ ಓವರ್‌ಸೈಜ್’. ಅಷ್ಟಕ್ಕೇ ಆ ಪೀಸು ರಿಜೆಕ್ಟ್ ಆಗಬಹುದು. ಸ್ಲೈಟ್ಲಿಗೆ ತನ್ನದೇ ಅಳತೆಪಟ್ಟಿ ಇಲ್ಲ. ಪಕ್ಕದಲ್ಲಿರುವ ವಸ್ತುವಿನ ಅಳತೆಯನ್ನೇ ಎರವಲು ತೆಗೆದುಕೊಳ್ಳುತ್ತದೆ.

ಒಂದು ಕಡೆ ಮಾತ್ರ ಇದಕ್ಕೆ ಅಂಕಿ ಕಟ್ಟಿಟ್ಟಿದ್ದಾರೆ. ಬೆಳಗಾವಿಯಲ್ಲಿ ಫಾರ್ಮಸಿ ಓದುವ ಮಕ್ಕಳಿಗೆ ಇದು ಗೊತ್ತಿರುತ್ತದೆ. ಔಷಧಗಳ ಮಾನಕ ಗ್ರಂಥಗಳಲ್ಲಿ ‘ಸ್ಲೈಟ್ಲಿ ಸಾಲ್ಯುಬಲ್’ ಅಂದರೆ 1 ಗ್ರಾಂ ಪುಡಿ ಕರಗಲು 100ರಿಂದ 1000 ಮಿಲಿಲೀಟರ್ ದ್ರಾವಕ ಬೇಕು ಅಂತ. ‘ಸ್ಪೇರಿಂಗ್ಲಿ’ ಅಂದರೆ 30ರಿಂದ 100. ‘ವೆರಿ ಸ್ಲೈಟ್ಲಿ’ ಅಂದರೆ 1000ದಿಂದ 10,000. ಗಮನಿಸಿದಿರಾ? ‘ವೆರಿ’ ಸೇರಿದರೆ ಕರಗುವುದು ಹೆಚ್ಚಾಗುವುದಿಲ್ಲ, ಇನ್ನೂ ಕಡಿಮೆಯಾಗುತ್ತದೆ. ಮಾತಿನಲ್ಲೂ ಹಾಗೆಯೇ. ‘ವೆರಿ ಸ್ಲೈಟ್ಲಿ’ ಅಂದರೆ ಸ್ವಲ್ಪದಲ್ಲೂ ಸ್ವಲ್ಪ.

ಈ ಪದವನ್ನು ಬಾಯಿಗೆ ತರಬಾರದ ಒಂದು ಜಾಗವೂ ನಮ್ಮ ಭಾಗದಲ್ಲಿದೆ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ಅಂಕಿ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಗಣಿತದ ಪ್ರಕಾರ ‘ಸ್ಲೈಟ್ಲಿ ಹೈಯರ್’ ಅಂತ ಬರೆಯಬಹುದು. ಆದರೆ ಆ ನಾಲ್ಕೂವರೆ ಮೀಟರಿನ ಕೆಳಗೆ ಊರುಗಳಿವೆ, ಕಬ್ಬಿನ ಹೊಲಗಳಿವೆ. ಇದೇ ಜಲಾಶಯದ ನೀರಿಗಾಗಿ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರಿಗೆ ನೀರು ಒಂದು ಮೀಟರ್ ಏರಿದರೆ ಏನಾಗುತ್ತದೆ ಅಂತ ಗೊತ್ತು. ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಬಂಧದಲ್ಲಿ ಈ ವಿಷಯ ಬರೆಯುವಾಗ ಸ್ಲೈಟ್ಲಿ ಹಾಕಿದ್ದಳು. ಆಮೇಲೆ ತಾನೇ ಹೊಡೆದು ಹಾಕಿ ‘ಬೈ ಅಬೌಟ್ 4.7 ಮೀಟರ್ಸ್’ ಅಂತ ಬರೆದಳು. ಅವಳ ಅಜ್ಜಿಯ ಮನೆ ಹೋಗಿತ್ತಂತೆ. ಅಂಕಿ ಗೊತ್ತಿದ್ದು, ಅದರಿಂದ ಯಾರಿಗಾದರೂ ತೊಂದರೆ ಇದೆ ಅಂದರೆ ಅಂಕಿಯನ್ನೇ ಬರೆಯಿರಿ.

ಎ ಲಿಟಲ್

ಒಂದೇ ಪದ ಕಲಿಯಲು ಹೊತ್ತಿದೆ ಅಂದರೆ ನಾನು ಇದನ್ನೇ ಕೊಡುತ್ತೇನೆ. ಇದು ನಮ್ಮ ‘ಸ್ವಲ್ಪ’ಕ್ಕೆ ಎಲ್ಲಕ್ಕಿಂತ ಹತ್ತಿರ. ವಸ್ತುವಿನ ಮುಂದೆ ಬರುತ್ತದೆ: ಎ ಲಿಟಲ್ ವಾಟರ್, ಎ ಲಿಟಲ್ ಸಾಲ್ಟ್. ಗುಣದ ಮುಂದೆ ಬರುತ್ತದೆ: ಎ ಲಿಟಲ್ ಟೈರ್ಡ್. ಕ್ರಿಯೆಯ ಹಿಂದೆ ಬರುತ್ತದೆ: ವೇಟ್ ಎ ಲಿಟಲ್. ಆಫೀಸಿನಲ್ಲೂ ನಡೆಯುತ್ತದೆ, ಅಡುಗೆಮನೆಯಲ್ಲೂ ನಡೆಯುತ್ತದೆ. ಎಣಿಸಬಹುದಾದ್ದಕ್ಕೆ ಮಾತ್ರ ಆಗದು. “ಸ್ವಲ್ಪ ಜನ” ಅನ್ನುವುದಕ್ಕೆ ‘ಎ ಫ್ಯೂ ಪೀಪಲ್’ ಅನ್ನಬೇಕು.

ಇದರಲ್ಲಿ ಎರಡು ಗುಂಡಿಗಳಿವೆ. ಒಂದು, ಮುಂದಿನ ಆ ‘ಎ’. ಅದು ಬಿದ್ದುಹೋದರೆ ಅರ್ಥವೇ ತಿರುಗುತ್ತದೆ. ‘ದೇರ್ ಈಸ್ ಎ ಲಿಟಲ್ ಹೋಪ್’ ಅಂದರೆ ಸ್ವಲ್ಪ ಆಸೆ ಇದೆ. ‘ದೇರ್ ಈಸ್ ಲಿಟಲ್ ಹೋಪ್’ ಅಂದರೆ ಆಸೆ ಇಲ್ಲದಷ್ಟು ಕಡಿಮೆ. ಕನ್ನಡದಲ್ಲಿ ‘ಸ್ವಲ್ಪ ಇದೆ’ ಅನ್ನುವುದಕ್ಕೂ ‘ಇರೋದೇ ಸ್ವಲ್ಪ’ ಅನ್ನುವುದಕ್ಕೂ ಇರುವ ಅಂತರವೇ ಇದು. ರೋಗಿಯ ಮನೆಯವರ ಜೊತೆ ಮಾತಾಡುವ ನರ್ಸ್ ಹುಡುಗಿಯರಿಗೆ ಇದನ್ನು ನಾನು ಹತ್ತು ಸಲ ಹೇಳಿಸುತ್ತೇನೆ. ಆ ಒಂದು ಅಕ್ಷರ ತಪ್ಪಿದರೆ ಎದುರಿಗಿದ್ದವರ ಎದೆ ಒಡೆಯುತ್ತದೆ.

ಎರಡನೆಯದು, ಗುಣ ಮತ್ತು ಹೆಸರು ಒಟ್ಟಿಗೆ ಬಂದಾಗ. ‘ವೈಪ್ ವಿತ್ ಎ ಲಿಟಲ್ ಡ್ಯಾಂಪ್ ಕ್ಲಾತ್’ ಅಂದರೆ ಓದುವವರು ‘ಪುಟ್ಟ ಒದ್ದೆ ಬಟ್ಟೆ’ ಅಂದುಕೊಳ್ಳುತ್ತಾರೆ. ಒದ್ದೆ ಕಡಿಮೆ ಇರಲಿ ಅನ್ನುವುದು ನಿಮ್ಮ ಉದ್ದೇಶ. ಆಗ ‘ಎ ಸ್ಲೈಟ್ಲಿ ಡ್ಯಾಂಪ್ ಕ್ಲಾತ್’ ಅನ್ನುವುದೇ ಸಲೀಸು ದಾರಿ. ಎ ಬಿಟ್ ಕೂಡ ಇಲ್ಲಿ ಸೋಲುತ್ತದೆ. ‘ಎ ಬಿಟ್ ಯೂಸ್ಡ್ ಬೈಕ್’ ಆಗದು. ‘ಎ ಸ್ಲೈಟ್ಲಿ ಯೂಸ್ಡ್ ಬೈಕ್’ ಆಗುತ್ತದೆ. ಹಳೆ ಗಾಡಿ ಮಾರುವವರು ಬರೆದಿಟ್ಟುಕೊಳ್ಳಿ.

ಎ ಬಿಟ್

‘ಬಿಟ್’ ಹುಟ್ಟಿದ್ದು ಕಚ್ಚುವುದರಿಂದ. ಒಂದು ಸಲ ಕಚ್ಚಿದಷ್ಟು, ನಮ್ಮ ‘ತುತ್ತು’ ಇದ್ದ ಹಾಗೆ. ಇದು ಬಾಯಿಮಾತಿನ ಪದ. ಗೆಳೆಯರು, ಸಹೋದ್ಯೋಗಿಗಳು, ಫೋನು, ಚಾಟ್ ಇವಕ್ಕೆಲ್ಲ ಹೇಳಿ ಮಾಡಿಸಿದ್ದು. ‘ಐ ಆಮ್ ಎ ಬಿಟ್ ಲೇಟ್’ ಅಂದರೆ ಎಷ್ಟು ಹಗುರ! ವಸ್ತುವಿನ ಮುಂದೆ ಹಾಕುವಾಗ ‘ಆಫ್’ ಮರೆಯಬೇಡಿ: ಎ ಬಿಟ್ ಆಫ್ ಶುಗರ್. ಕೊರತೆಯ ಗುಣಗಳಿಗೆ ಚೆನ್ನಾಗಿ ಒಗ್ಗುತ್ತದೆ: ಎ ಬಿಟ್ ಎಕ್ಸ್‌ಪೆನ್ಸಿವ್, ಎ ಬಿಟ್ ಕೋಲ್ಡ್. ‘ಎ ಬಿಟ್ ಗುಡ್’ ಒಗ್ಗುವುದಿಲ್ಲ, ‘ಎ ಬಿಟ್ ಬೆಟರ್’ ಒಗ್ಗುತ್ತದೆ.

ಖಡೇಬಜಾರಿನ ಅಂಗಡಿಯಲ್ಲಿ ಗಿರಾಕಿ ಜೊತೆ ಮಾತಾಡಲು ಇದಕ್ಕಿಂತ ಒಳ್ಳೆಯ ಪದ ಸಿಗದು. ‘ದಿಸ್ ಒನ್ ಈಸ್ ಎ ಬಿಟ್ ಕಾಸ್ಟ್ಲಿ, ಬಟ್ ದ ಕ್ಲಾತ್ ಈಸ್ ಗುಡ್’ ಅಂದರೆ ಮನೆಮಂದಿಯ ದನಿ ಬರುತ್ತದೆ. ಆದರೆ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ, ಅರ್ಜಿಯಲ್ಲಿ, ಪರೀಕ್ಷೆಯ ಉತ್ತರದಲ್ಲಿ ಇದನ್ನು ಹಾಕಬೇಡಿ. ಮದುವೆ ಮನೆಗೆ ಮನೆಯ ಚಪ್ಪಲಿ ಹಾಕಿಕೊಂಡು ಹೋದಂತೆ ಕಾಣುತ್ತದೆ.

‘ಎ ಬಿಟ್ ಆಫ್ ಎ ಪ್ರಾಬ್ಲೆಮ್’ ಅನ್ನುವುದನ್ನು ಎಂದೂ ಸಣ್ಣದಾಗಿ ತೆಗೆದುಕೊಳ್ಳಬೇಡಿ. ಬ್ರಿಟಿಷರು ದೊಡ್ಡದನ್ನು ಚಿಕ್ಕದಾಗಿ ಹೇಳುವ ರೂಢಿಯವರು. ಸ್ಲೈಟ್ಲಿಗೂ ಇದೇ ಮಾತು. ಬೀಡುಕಬ್ಬಿಣದ ಎರಕದ ಮಾಲು ಹೊರದೇಶಕ್ಕೆ ಕಳಿಸುವ ಕಡೆ ಕೆಲಸ ಮಾಡುವ ಹುಡುಗ ನನಗೆ ಒಂದು ಮೇಲ್ ತೋರಿಸಿದ. ಅಲ್ಲಿನ ಗಿರಾಕಿ ‘ವಿ ಆರ್ ಸ್ಲೈಟ್ಲಿ ಡಿಸಪಾಯಿಂಟೆಡ್’ ಅಂತ ಬರೆದಿದ್ದ. ಇವರು “ಸ್ವಲ್ಪ ಬೇಜಾರು, ಅಷ್ಟೇ ಅಲ್ವಾ” ಅಂತ ಎರಡು ವಾರ ಉತ್ತರವನ್ನೇ ಕೊಡಲಿಲ್ಲ. ಮುಂದಿನ ಆರ್ಡರ್ ಬರಲಿಲ್ಲ. ಅಂಥ ಮೇಲ್ ಬಂದ ದಿನವೇ ಫೋನ್ ಮಾಡಬೇಕು.

ಉಳಿದವು, ಬೇಗ ಬೇಗ

‘ಸಮ್‌ವಾಟ್’ ಶಿಷ್ಟವಾದ ಪದ, ಸ್ಲೈಟ್ಲಿಗಿಂತ ಒಂದು ಕೈ ಜಾಸ್ತಿ. ‘ಸಮ್‌ವಾಟ್ ಡಿಫಿಕಲ್ಟ್’ ಅಂದರೆ ಸುಮಾರಾಗಿ ಕಷ್ಟ. ಪ್ರಬಂಧ ಬರೆಯುವವರಿಗೆ ಸರಿ, ಉಳಿದವರು ಓದಿ ಅರ್ಥ ಮಾಡಿಕೊಂಡರೆ ಸಾಕು. ‘ರಾದರ್’ ಅಂದರೆ ಅಂದುಕೊಂಡದ್ದಕ್ಕಿಂತ ಜಾಸ್ತಿ. ‘ಫೇರ್ಲಿ’ ಪರವಾಗಿಲ್ಲ ಅನ್ನುವಷ್ಟು. ಇದನ್ನು ಹೋಲಿಕೆಗೆ ಹಚ್ಚಬೇಡಿ, ‘ಫೇರ್ಲಿ ಬೆಟರ್’ ಇಲ್ಲ. ‘ಕ್ವೈಟ್ ಗುಡ್’ ಅಂದರೆ ಬ್ರಿಟನ್ನಿನಲ್ಲಿ ಪರವಾಗಿಲ್ಲ ಅಂತ, ಅಮೆರಿಕದಲ್ಲಿ ತುಂಬಾ ಚೆನ್ನಾಗಿದೆ ಅಂತ. ಎದುರಿಗಿರುವವರು ಎಲ್ಲಿಯವರು ಅಂತ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ.

‘ಬೇರ್ಲಿ’ ಮಾತ್ರ ಒಂದು ನಿಮಿಷ ನಿಂತು ನೋಡಬೇಕಾದ್ದು. ಬಾಗಿಲು ಎರಡು ಬೆರಳು ತೆರೆದಿದೆ ಅಂದುಕೊಳ್ಳಿ. ‘ಸ್ಲೈಟ್ಲಿ ಓಪನ್’ ಅಂದರೆ ತೆರೆದಿರುವ ಕಡೆ ನೋಡಿ ಹೇಳಿದ ಮಾತು. ಗಾಳಿ ಬರುತ್ತಿದೆ, ಬೆಕ್ಕು ನುಗ್ಗಬಹುದು. ‘ಬೇರ್ಲಿ ಓಪನ್’ ಅಂದರೆ ಮುಚ್ಚಿರುವ ಕಡೆ ನೋಡಿ ಹೇಳಿದ್ದು. ತೆರೆದೂ ತೆರೆಯದ ಹಾಗಿದೆ, ಗಾಳಿಯೇ ಬರುತ್ತಿಲ್ಲ. ಬಾಗಿಲು ಒಂದೇ, ಬೆರಳೂ ಎರಡೇ. ‘ಹಾರ್ಡ್ಲಿ’ ಕೂಡ ಇದೇ ದಿಕ್ಕಿನದು. “ನನಗೆ ಸ್ವಲ್ಪ ಇಂಗ್ಲಿಷ್ ಬರುತ್ತೆ” ಅನ್ನುವ ಹುಡುಗ ಸಂದರ್ಶನದಲ್ಲಿ ‘ಐ ಹಾರ್ಡ್ಲಿ ನೋ ಇಂಗ್ಲಿಷ್’ ಅಂದರೆ ತನಗೆ ಬರುವುದೇ ಇಲ್ಲ ಅಂತ ಒಪ್ಪಿಕೊಂಡ ಹಾಗೆ. ‘ಐ ಸ್ಪೀಕ್ ಎ ಲಿಟಲ್ ಇಂಗ್ಲಿಷ್’ ಅನ್ನಲಿ.

ಏನೂ ಇಲ್ಲ ಅನ್ನಬೇಕಾದಾಗ ‘ನಾಟ್ ಇನ್ ದ ಸ್ಲೈಟೆಸ್ಟ್’ ಅನ್ನಬಹುದು. ನಮ್ಮ ‘ಎಳ್ಳಷ್ಟೂ ಇಲ್ಲ’ಕ್ಕೆ ಸರಿಯಾದ ಜೋಡಿ ಅದು.

ನಿಮಗೆ ಯಾವುದು ಸಾಕು?

ಎರಡೇ ದಿನ ಇದೆ, ಇಂಟರ್‌ವ್ಯೂಗೆ ಹೋಗಬೇಕು ಅನ್ನುವವರು ‘ಎ ಲಿಟಲ್’ ಒಂದನ್ನೇ ಗಟ್ಟಿ ಮಾಡಿಕೊಳ್ಳಿ, ಮುಂದಿನ ‘ಎ’ ಸಮೇತ. ಅಂಗಡಿ, ಹೋಟೆಲ್, ಕಾಲ್ ಸೆಂಟರಿನಲ್ಲಿ ದಿನವಿಡೀ ಮಾತಾಡುವವರು ಅದರ ಜೊತೆ ‘ಎ ಬಿಟ್’ ಸೇರಿಸಿಕೊಳ್ಳಿ. ಸ್ಲೈಟ್ಲಿ ನಿಮಗೆ ಆಮೇಲೆ ಬಂದರೂ ನಷ್ಟ ಇಲ್ಲ.

ಹೊರದೇಶದಲ್ಲಿ ಓದಲು ಕೊಡುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್ ಬರೆಯುವವರಿಗೆ ಲೆಕ್ಕ ಬೇರೆ. ಮೊದಲ ಬರವಣಿಗೆಯಲ್ಲಿ ಗ್ರಾಫ್ ನೋಡಿ 20 ನಿಮಿಷದಲ್ಲಿ ಕನಿಷ್ಠ 150 ಪದ ಬರೆಯಬೇಕು. ಅಲ್ಲಿ ‘ರೋಸ್ ಸ್ಲೈಟ್ಲಿ’, ‘ಎ ಸ್ಲೈಟ್ ಇನ್‌ಕ್ರೀಸ್’, ‘ಸ್ಲೈಟ್ಲಿ ಹೈಯರ್ ದ್ಯಾನ್’ ಈ ಮೂರೂ ಕೈಯಲ್ಲಿದ್ದರೆ ಒಂದೇ ಮಾತನ್ನು ಮೂರು ಬಗೆಯಲ್ಲಿ ಹೇಳಬಹುದು. ಎ ಬಿಟ್ ಅಲ್ಲಿಗೆ ಬೇಡ. ಪಕ್ಕದಲ್ಲಿ ಗ್ರಾಫಿನ ಅಂಕಿಯನ್ನೂ ಕೊಡಿ.

ನರ್ಸ್‌ಗಳು ಎರಡು ಬಗೆಯಲ್ಲೂ ಪಳಗಬೇಕು. ಡ್ಯೂಟಿ ಬದಲಾಗುವಾಗ ‘ಟೆಂಪರೇಚರ್ ಈಸ್ ಸ್ಲೈಟ್ಲಿ ರೈಸ್ಡ್, 37.8 ಡಿಗ್ರೀಸ್ ಸೆಲ್ಸಿಯಸ್’ ಅಂತ ಪದ ಮತ್ತು ಅಂಕಿ ಎರಡನ್ನೂ ಹೇಳಿ. ಅದೇ ಹಾಸಿಗೆಯ ಹತ್ತಿರ ಹೋಗಿ ಅಜ್ಜಿಯ ಕೈ ಹಿಡಿದಾಗ ‘ಯು ಮೇ ಫೀಲ್ ಎ ಲಿಟಲ್ ಪೇನ್’ ಅನ್ನಿ. ಉದ್ಯಮಬಾಗದ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಅಳೆಯುವ ಗೇಜ್ ಕೈಯಲ್ಲಿರುವಾಗ ಪದ ಯಾಕೆ? ಮೊದಲು ಅಂಕಿ ಬರೆಯಿರಿ. ಅಂಕಿ ಇಲ್ಲದ ಕಡೆ, ಅಂದರೆ ಗೀರು, ತುಕ್ಕು, ಬಣ್ಣದ ಮಾತು ಬಂದಾಗ ‘ಸ್ಲೈಟ್’ ಬಳಸಿ. ಜೊತೆಗೆ ಒಂದು ಫೋಟೊ ಇಡಿ.

ಇಳಕಲ್ಲಿನ ಹುಡುಗನಿಗೆ ನಾನು ಎರಡು ಸಾಲು ಬರೆದು ಕಳಿಸಿದೆ. ‘ದೇರ್ ಮೇ ಬಿ ಎ ಸ್ಲೈಟ್ ಡಿಫರೆನ್ಸ್ ಇನ್ ಕಲರ್.’ ಇನ್ನೊಂದು, ‘ದ ಕಲರ್ ಮೇ ವೇರಿ ಸ್ಲೈಟ್ಲಿ.’ ಎರಡೂ ಸರಿ, ಎರಡನೆಯದು ಚಿಕ್ಕದು ಅಂದೆ. ಅವನು ಎರಡನೆಯದನ್ನು ಹಾಕಿದ. ಸಂಜೆ ಮತ್ತೆ ಫೋನ್ ಮಾಡಿದ. “ಮೇಡಂ, ಫರಕು ಎಷ್ಟು ಅಂತ ಗಿರಾಕಿ ಕೇಳಿದ್ರ ಏನ್ ಹೇಳ್ಲ್ರಿ?” ಬಣ್ಣಕ್ಕೆ ಗೇಜ್ ಇಲ್ಲವಲ್ಲ. ಮರುದಿನ ಬೆಳಿಗ್ಗೆ ಸೀರೆಯನ್ನು ಅಂಗಳಕ್ಕೆ ತಂದು, ಬಿಸಿಲು ಏರುವ ಮುಂಚೆ ಇನ್ನೊಂದು ಫೋಟೊ ತೆಗೆದ. ಟ್ಯೂಬ್‌ಲೈಟಿನ ಫೋಟೊ ಪಕ್ಕದಲ್ಲೇ ಅದನ್ನೂ ಹಾಕಿದ. ಒಂದರಲ್ಲಿ ಹಸಿರು ಕಡು, ಇನ್ನೊಂದರಲ್ಲಿ ತುಸು ತಿಳಿ. ‘ಸ್ಲೈಟ್ಲಿ’ ಅಂದರೆ ಎಷ್ಟು ಅಂತ ಈಗ ಯಾರೂ ಅವನನ್ನು ಕೇಳುತ್ತಿಲ್ಲ.